ರೋಡಿಯೊ ರಾಣಿಯ ಬೇಸಿಗೆ: ಕುದುರೆ ಸೊರಗುವುದು ಓಡಿ ಅಲ್ಲ, ನಿಂತು

ಪ್ರಶ್ನೆ: ನಾವು ಹಾಸನದ ಕಡೆಯವರು, ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿದ್ದೇವೆ. 20 ವರ್ಷದ ಮಗಳು ಈ ವರ್ಷ ನಮ್ಮ ಭಾಗದ ರೋಡಿಯೊ ರಾಣಿ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ 22 ಕಾರ್ಯಕ್ರಮಗಳಿವೆ. ಗ್ರೀಲಿ, ಎಸ್ಟಿಸ್ ಪಾರ್ಕ್, ಶೈಯಾನ್, ದೂರದ ಕೋಡಿ, ಕೊನೆಗೆ ಪ್ವೆಬ್ಲೊ. ತನ್ನ 12 ವರ್ಷದ ಕ್ವಾರ್ಟರ್ ಹಾರ್ಸ್ ತಳಿಯ ಹೆಣ್ಣುಕುದುರೆಯನ್ನು ಟ್ರೇಲರ್‌ನಲ್ಲಿ ಹಾಕಿಕೊಂಡು ಹೋಗುತ್ತಾಳೆ. ಮೂರು ವಾರದಲ್ಲಿ ಆರು ಕಡೆ ಆಯಿತು. 470 ಕೆಜಿ ಇದ್ದ ಕುದುರೆ 445ಕ್ಕೆ ಇಳಿದಿದೆ. ಹೊರಗೆ ಹೋದರೆ ನೀರನ್ನು ಮೂಸಿ ಬಿಡುತ್ತದೆ, ಕಾಳನ್ನು ಅರ್ಧಕ್ಕೇ ಬಿಡುತ್ತದೆ, ಜೀನು ಬಿಗಿಯುವಾಗ ಕಚ್ಚಲು ಬರುತ್ತದೆ. ಅಷ್ಟು ಜೋರಾಗಿ ಓಡಿಸಿದರೆ ಇನ್ನೇನಾಗುತ್ತದೆ ಎಂದು ನಮ್ಮ ಮನೆಯವರು ಬೈಯುತ್ತಾರೆ. ಓಡಿ ಬಂದ ಕುದುರೆಗೆ ತಕ್ಷಣ ನೀರು ಕುಡಿಸಬಾರದು, ಮೈಗೆ ತಣ್ಣೀರು ಹಾಕಬಾರದು ಎಂದು ಊರಲ್ಲಿ ಹಿರಿಯರು ಹೇಳುತ್ತಿದ್ದರು, ನಿಜವೇ? ಲಾಯದ ಪರಿಚಯದವರೊಬ್ಬರು ಹೊರಡುವ ಮುಂಚೆ ಮಂಪರಿನ ಔಷಧ, ಬಂದ ಮೇಲೆ ನೋವಿನ ಪುಡಿ ಕೊಡಿ ಎನ್ನುತ್ತಾರೆ. ಉಳಿದ 16 ಕಾರ್ಯಕ್ರಮಗಳನ್ನು ಬಿಡುವಂತಿಲ್ಲ. ಮಗಳಿಗೂ ಊಟ ನಿದ್ದೆ ಸರಿಯಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಬೆರೆತುಹೋಗಿವೆ. ಒಂದು, ಮಗಳು ಕುದುರೆಯನ್ನು ಓಡಿಸಿ ಓಡಿಸಿ ಹಾಳು ಮಾಡುತ್ತಿದ್ದಾಳೆಯೇ ಎಂಬುದು. ಇನ್ನೊಂದು, ಈ ಬೇಸಿಗೆ ಮುಗಿಯುವಷ್ಟರಲ್ಲಿ ಇಬ್ಬರೂ ಹಾಸಿಗೆ ಹಿಡಿಯುತ್ತಾರೆಯೇ ಎಂಬುದು. ಮೊದಲನೆಯದನ್ನು ಮನಸ್ಸಿನಿಂದ ತೆಗೆದುಹಾಕಿ. ಎರಡನೆಯದಕ್ಕೆ ಆಧಾರವಿದೆ.

ಈ ಪದವಿಯ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು. ರೋಡಿಯೊ ಎಂದರೆ ಕೌಬಾಯ್‌ಗಳು ಕುದುರೆ, ದನಗಳ ಜೊತೆ ಪಂದ್ಯವಾಡುವ ಕೂಟ. ಅದರ ರಾಣಿ ಎಂದರೆ ಕಿರೀಟ ತೊಟ್ಟು ಕೈಬೀಸುವವಳಷ್ಟೇ ಅಲ್ಲ. ಆಯ್ಕೆಯಲ್ಲಿ ಸವಾರಿ, ಮಾತು, ನೋಟ ಮೂರಕ್ಕೂ ಅಂಕಗಳಿರುತ್ತವೆ. ಗೆದ್ದ ಮೇಲೆ ವರ್ಷವಿಡೀ ಸುತ್ತಾಟ: ಅಖಾಡದ ಆರಂಭದ ಮೆರವಣಿಗೆ, ಧ್ವಜ ಹಿಡಿದು ಸವಾರಿ, ಊರ ಬೀದಿಯ ಪೆರೇಡ್, ಶಾಲೆ, ಆಸ್ಪತ್ರೆ, ಸಹಿ ಹಾಕುವ ಮೇಜು. ಕೆಲವೆಡೆ ಆಟ ಮುಗಿದ ಕರುಗಳನ್ನು ಅಖಾಡದಿಂದ ಹೊರಗಟ್ಟುವುದೂ ಅವಳ ಕೆಲಸವೇ. ರಾಜ್ಯಗಳ ರಾಣಿಯರು ಡಿಸೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಮಿಸ್ ರೋಡಿಯೊ ಅಮೆರಿಕ ಪಟ್ಟಕ್ಕೆ ಸ್ಪರ್ಧಿಸುತ್ತಾರೆ. ಜುಲೈ 4ರ ಆಸುಪಾಸಿನ ದಿನಗಳಲ್ಲಿ ರೋಡಿಯೊಗಳು ಎಷ್ಟು ದಟ್ಟವೆಂದರೆ, ಸವಾರರು ಅದನ್ನು ಕೌಬಾಯ್ ಕ್ರಿಸ್ಮಸ್ ಎಂದೇ ಕರೆಯುತ್ತಾರೆ.

ಈಗ ಲೆಕ್ಕ ಹಾಕೋಣ. ರಾಣಿಯ ಹೆಸರು ಕೂಗಿದಾಗ ಕುದುರೆ ಅಖಾಡಕ್ಕೆ ಒಂದು ಸುತ್ತು ನಾಗಾಲೋಟ ಹಾಕುತ್ತದೆ. ಅದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಆರೋಗ್ಯವಾಗಿರುವ ಕ್ವಾರ್ಟರ್ ಹಾರ್ಸ್‌ಗೆ ಅದು ಲೆಕ್ಕಕ್ಕೇ ಇಲ್ಲದ ಕೆಲಸ. ಆದರೆ ಆ ಒಂದು ನಿಮಿಷಕ್ಕಾಗಿ ಅದು ಮೂರು ಗಂಟೆ ಟ್ರೇಲರ್‌ನಲ್ಲಿ ನಿಂತು ಬಂದಿರುತ್ತದೆ, ಜೀನು ಹೊತ್ತು ನಾಲ್ಕು ಗಂಟೆ ಬಿಸಿಲಲ್ಲಿ ಕಟ್ಟಿಸಿಕೊಂಡಿರುತ್ತದೆ, ಮತ್ತೆ ಮೂರು ಗಂಟೆ ನಿಂತು ವಾಪಸಾಗುತ್ತದೆ. ಟ್ರೇಲರ್‌ನಲ್ಲಿ ನಿಲ್ಲುವುದು ವಿಶ್ರಾಂತಿಯಲ್ಲ. ಪ್ರತಿ ತಿರುವಿಗೂ ಪ್ರತಿ ಬ್ರೇಕಿಗೂ ನಾಲ್ಕು ಕಾಲೂರಿ ತೂಕ ಸಂಭಾಳಿಸಬೇಕು. ಹೆಚ್ಚುಕಡಿಮೆ ನಡೆದಷ್ಟೇ ದಣಿವು. ನಿಮ್ಮ ಕುದುರೆ ಸೊರಗುತ್ತಿರುವುದು ಆ ನಿಂತ ಗಂಟೆಗಳಲ್ಲಿ. ಹಾಗಾಗಿ ಕಾರ್ಯಕ್ರಮ ಎಷ್ಟು, ದೂರ ಎಷ್ಟು ಎಂದು ಎಣಿಸುವುದಕ್ಕಿಂತ, ವಾರಕ್ಕೆ ಎಷ್ಟು ಗಂಟೆ ನಿಂತಿತು ಎಂದು ಡೈರಿಯಲ್ಲಿ ಬರೆಯಿರಿ.

25 ಕೆಜಿ ಇಳಿತದ ಬಗ್ಗೆ: ಅಳತೆ ತೆಗೆದದ್ದು ಯಾವಾಗ? ಪ್ರಯಾಣ ಮುಗಿಸಿ ಬಂದ ಸಂಜೆಯಾದರೆ ಅದರಲ್ಲಿ ಒಂದಿಷ್ಟು ನೀರು, ಒಂದಿಷ್ಟು ಕರುಳಲ್ಲಿ ಇರಬೇಕಾಗಿದ್ದ ಮೇವು. ಆರು ಗಂಟೆಯ ಬೇಸಿಗೆ ಪ್ರಯಾಣದಲ್ಲಿ ಈ ಗಾತ್ರದ ಕುದುರೆ 10 ಕೆಜಿಗಿಂತ ಹೆಚ್ಚು ಕಳೆದುಕೊಳ್ಳುವುದು ಅಪರೂಪವಲ್ಲ. ಅದು ಎರಡು ಮೂರು ದಿನದಲ್ಲಿ ಮರಳುತ್ತದೆ. ಪೂರ್ತಿ ಎರಡು ದಿನ ಮನೆಯಲ್ಲಿದ್ದ ಮೇಲೆ, ಬೆಳಿಗ್ಗೆ, ಎದೆಸುತ್ತಿನಿಂದ ತೂಕ ಅಂದಾಜಿಸುವ ಟೇಪಾದರೆ ಅದೇ ಟೇಪಿನಿಂದ, ಮತ್ತೆ ಅಳೆಯಿರಿ. ಆಗಲೂ 450ರ ಕೆಳಗಿದ್ದರೆ ಕರಗಿರುವುದು ಮೈ ಎಂದೇ ತಿಳಿಯಿರಿ.

ಕಾಳು ಬಿಡುವುದು, ಕಚ್ಚಲು ಬರುವುದು

ನನಗೆ ತೂಕಕ್ಕಿಂತ ಹೆಚ್ಚು ಕಾಡಿದ್ದು ಇದು. ಕಾಳು ಅರ್ಧಕ್ಕೇ ಬಿಡುವುದು, ಜೀನಿನ ಪಟ್ಟಿ ಬಿಗಿದಾಗ ಕಚ್ಚಲು ಬರುವುದು, ಮೈ ಇಳಿಯುವುದು ಮೂರೂ ಒಟ್ಟಿಗೆ ಇದ್ದರೆ ಮೊದಲು ನೆನಪಾಗಬೇಕಾದದ್ದು ಹೊಟ್ಟೆಯ ಹುಣ್ಣು. ಕುದುರೆಯ ಹೊಟ್ಟೆ ಮೈಗೆ ಹೋಲಿಸಿದರೆ ಚಿಕ್ಕದು, ಹತ್ತು ಹದಿನೈದು ಲೀಟರ್ ಅಷ್ಟೇ. ಮನುಷ್ಯರಿಗೆ ಊಟದ ಹೊತ್ತಿಗೆ ಆಮ್ಲ ಹೆಚ್ಚುತ್ತದೆ. ಕುದುರೆಗೆ ಹಾಗಲ್ಲ, ತಿನ್ನಲಿ ಬಿಡಲಿ ದಿನದ 24 ಗಂಟೆಯೂ ಒಸರುತ್ತಲೇ ಇರುತ್ತದೆ. ದಿನವಿಡೀ ಹುಲ್ಲು ಮೇಯುವ ಪ್ರಾಣಿಗೆ ಅದು ಸರಿಯಾದ ವ್ಯವಸ್ಥೆ. ಅಗಿಯುವಾಗ ಬರುವ ಜೊಲ್ಲು ಆಮ್ಲವನ್ನು ತಣಿಸುತ್ತದೆ, ಒಳಗಿನ ಹುಲ್ಲು ತೆಪ್ಪದಂತೆ ತೇಲಿ ಆಮ್ಲ ಮೇಲಕ್ಕೆ ಚಿಮ್ಮದಂತೆ ತಡೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ಓಡಿದರೆ ಆ ಆಮ್ಲ ರಕ್ಷಣೆಯಿಲ್ಲದ ಮೇಲ್ಭಾಗಕ್ಕೆ ಎರಚುತ್ತದೆ. ಬಟ್ಟೆಗೆ ಕಲೆಯಾದೀತು, ಫೋಟೊದಲ್ಲಿ ಹೊಟ್ಟೆ ದಪ್ಪ ಕಂಡೀತು ಎಂದು ಕಾರ್ಯಕ್ರಮದ ದಿನ ಮೇವು ಕಡಿಮೆ ಮಾಡುವ ಅಭ್ಯಾಸ ಕೆಲವರಿಗಿದೆ. ನಿಮ್ಮಲ್ಲೂ ಇದ್ದರೆ ಇವತ್ತೇ ನಿಲ್ಲಿಸಿ.

ಖಚಿತವಾಗಿ ತಿಳಿಯಲು ಒಂದೇ ದಾರಿ, ಪಶುವೈದ್ಯರು ಕ್ಯಾಮೆರಾ ಇಳಿಸಿ ನೋಡುವುದು. ಅದಕ್ಕೆ 12ರಿಂದ 16 ಗಂಟೆ ಉಪವಾಸ ಬೇಕು. ಹುಣ್ಣಿದ್ದರೆ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಪೇಸ್ಟ್ ಬರೆದುಕೊಡುತ್ತಾರೆ. ಗುಣಪಡಿಸಲು ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 4 ಮಿಲಿಗ್ರಾಂ, ಬಾರದಂತೆ ತಡೆಯಲು 1 ಮಿಲಿಗ್ರಾಂ. ಎರಡೂ ಒಂದೇ ಎಂದುಕೊಂಡು ತಡೆಯುವ ಪ್ರಮಾಣದಲ್ಲೇ ತಿಂಗಳುಗಟ್ಟಲೆ ಕೊಟ್ಟು, ಗುಣವಾಗಲಿಲ್ಲ ಎನ್ನುವವರೇ ಹೆಚ್ಚು. ಪೇಸ್ಟ್ ದುಬಾರಿ. ಮೇವಿನ ಕ್ರಮ ಬದಲಾಗದಿದ್ದರೆ ನಿಲ್ಲಿಸಿದ ಮೇಲೆ ಹುಣ್ಣು ಮರಳುತ್ತದೆ.

ಮೇವಿನ ಕ್ರಮ ಹೀಗಿರಲಿ: ದಿನಕ್ಕೆ 8ರಿಂದ 9 ಕೆಜಿ ಒಣಹುಲ್ಲು, ಒಮ್ಮೆಗೆ ನಾಲ್ಕೈದು ಗಂಟೆಗಿಂತ ಹೆಚ್ಚು ಹೊತ್ತು ಬಾಯಿ ಖಾಲಿ ಇರಬಾರದು. ಜೀನು ಹಾಕುವ ಅರ್ಧ ಗಂಟೆ ಮುಂಚೆ ಒಂದು ಕೆಜಿ ಆಲ್ಫಾಲ್ಫಾ, ಅಂದರೆ ಕುದುರೆ ಮಸಾಲೆ ಮೇವು. ಅದರ ಕ್ಯಾಲ್ಸಿಯಂ ಆಮ್ಲವನ್ನು ತಣಿಸುತ್ತದೆ. ತೂಕ ಬರಲಿ ಎಂದು ಕಾಳು ಹೆಚ್ಚಿಸಬೇಡಿ. ಕುದುರೆ ಅಂದರೆ ಹುರುಳಿ ಎನ್ನುವುದು ನಮ್ಮ ಊರಿನ ನೆನಪು, ಆದರೆ ಹುಣ್ಣಿನ ಹೊಟ್ಟೆಗೆ ಕಾಳು ಬೆಂಕಿಗೆ ತುಪ್ಪ. ನೆನೆಸಿದ ಬೀಟ್ ಚರಟ (ಸಕ್ಕರೆ ತೆಗೆದ ಬೀಟ್ ಗೆಡ್ಡೆಯಲ್ಲಿ ಉಳಿದ ನಾರು), ಒಂದು ಲೋಟ ಸಸ್ಯದೆಣ್ಣೆ ಆದೀತು. ಎಣ್ಣೆಯನ್ನು ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ.

ನೀರು

ಹಿರಿಯರ ಮಾತು ಬಹಳ ಕಡೆ ಇದೆ, ಅಮೆರಿಕದ ರಾಂಚುಗಳಲ್ಲೂ ಇದೆ. ಬೆವರಿದ ಕುದುರೆ ನೀರು ಕುಡಿದರೆ ಹೊಟ್ಟೆಶೂಲೆ ಬರುತ್ತದೆ, ತಣ್ಣೀರು ಬಿದ್ದರೆ ಸ್ನಾಯು ಹಿಡಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ವಾಸ್ತವ ಅದಕ್ಕೆ ಉಲ್ಟಾ. ಕುದುರೆಯ ಬೆವರು ನಮ್ಮ ಬೆವರಿಗಿಂತ ಬಹಳ ಉಪ್ಪು. ನಮಗೆ ಬೆವರಿದಾಗ ನೀರು ಹೋಗಿ ರಕ್ತದಲ್ಲಿ ಉಪ್ಪು ಉಳಿಯುತ್ತದೆ, ಅದರಿಂದ ಬಾಯಾರುತ್ತದೆ. ಕುದುರೆಗೆ ನೀರಿನ ಜೊತೆಗೇ ಉಪ್ಪೂ ಹೊರಟುಹೋಗುವುದರಿಂದ, ಒಣಗುತ್ತಿದ್ದರೂ ಬಾಯಾರಿಕೆಯ ಸೂಚನೆ ಸರಿಯಾಗಿ ಹುಟ್ಟುವುದಿಲ್ಲ. ಓಡಿ ಬಂದ ಮೊದಲ ಕೆಲವು ನಿಮಿಷಗಳಲ್ಲಿ ಆಸೆ ಹೆಚ್ಚು. ಆಗಲೇ ಬಕೆಟ್ ಮುಂದಿಡಿ, ಕುಡಿಯುವಷ್ಟು ಕುಡಿಯಲಿ. ಆಮೇಲೆ ಕೊಡೋಣ ಎಂದು ಕಾಯಿಸಿದರೆ ಕುಡಿಯದೆ ಸುಮ್ಮನಾಗುತ್ತದೆ.

ತಂಪಾದ ದಿನ 25 ಲೀಟರ್, ಬಿಸಿಲಿನ ಕೆಲಸದ ದಿನ 40ರಿಂದ 60 ಲೀಟರ್ ಬೇಕು. ಬೇರೆ ಊರಿನ ನೀರನ್ನು ಮೂಸಿ ಬಿಡುವುದು ಕ್ಲೋರಿನ್ ವಾಸನೆಗೆ, ಖನಿಜದ ರುಚಿಗೆ. ಒಂದು ವಾರ ಮುಂಚೆಯೇ ಮನೆಯ ನೀರಿಗೆ ಬಕೆಟ್‌ಗೆ ಒಂದು ಲೋಟ ಸೇಬಿನ ರಸ ಬೆರೆಸಿ ರೂಢಿ ಮಾಡಿಸಿ. ಹೊರಗೂ ಅದೇ ರಸ ಬೆರೆಸಿದರೆ ಎಲ್ಲ ಊರಿನ ನೀರೂ ಅದಕ್ಕೆ ಒಂದೇ. ಹತ್ತಿರದ ಊರಿಗಾದರೆ 75 ಲೀಟರ್ ಮನೆಯ ನೀರನ್ನೇ ಒಯ್ಯಿರಿ. ಒಂದು ಕೆಜಿ ಒಣ ಆಲ್ಫಾಲ್ಫಾ ಗಟ್ಟಿಗಳನ್ನು ನಾಲ್ಕು ಲೀಟರ್ ನೀರಲ್ಲಿ ನೆನೆಸಿ ಗಂಜಿ ಮಾಡಿಟ್ಟರೆ, ಕುಡಿಯದ ಕುದುರೆಯೂ ತಿಂದುಬಿಡುತ್ತದೆ. ದಿನಕ್ಕೆ 30ರಿಂದ 60 ಗ್ರಾಂ ಸಾದಾ ಉಪ್ಪು ಮೇವಿನಲ್ಲಿರಲಿ. ನೀರು ಮುಟ್ಟದ ಕುದುರೆಗೆ ಎಲೆಕ್ಟ್ರೊಲೈಟ್ ಪೇಸ್ಟನ್ನು ಬಾಯಿಗೆ ಒತ್ತಬೇಡಿ. ಆ ಉಪ್ಪು ಮೈಯ ನೀರನ್ನೇ ಕರುಳಿಗೆ ಎಳೆದು ಇನ್ನಷ್ಟು ಒಣಗಿಸುತ್ತದೆ, ಹುಣ್ಣಿದ್ದರೆ ಉರಿಸುತ್ತದೆ.

ಮೈ ತಣಿಸಲು ಸಿಗುವಷ್ಟು ತಣ್ಣೀರನ್ನು ಕುತ್ತಿಗೆ, ಎದೆ, ತೊಡೆಗಳ ಮೇಲೆ ನಿಲ್ಲಿಸದೆ ಸುರಿಯಿರಿ. ಒದ್ದೆ ಟವೆಲ್ ಹೊದಿಸಬೇಡಿ, ಅದು ಶಾಖವನ್ನು ಒಳಗೇ ಹಿಡಿಯುತ್ತದೆ. ಥರ್ಮಾಮೀಟರ್ ಜೊತೆಗಿರಲಿ. ವಿಶ್ರಾಂತಿಯಲ್ಲಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಓಡಿ ಬಂದಾಗ 40 ದಾಟಿದ್ದು ತಣಿಸಿದರೂ ಇಳಿಯದಿದ್ದರೆ ಅಲ್ಲೇ ಇರುವ ರೋಡಿಯೊ ಪಶುವೈದ್ಯರನ್ನು ಕರೆಯಿರಿ.

ಮಂಪರು ಮದ್ದು, ನೋವಿನ ಪುಡಿ

ಎರಡೂ ಬೇಡ. ಮಂಪರಿನ ಔಷಧ ರಕ್ತದೊತ್ತಡ ಇಳಿಸುತ್ತದೆ, ಬಿಸಿಲಲ್ಲಿ ಮೈಯ ಶಾಖ ಕಾಯ್ದುಕೊಳ್ಳುವ ಶಕ್ತಿಗೆ ಅಡ್ಡಬರುತ್ತದೆ. ತೂಕ ಸಂಭಾಳಿಸಬೇಕಾದ ಟ್ರೇಲರ್‌ನಲ್ಲಿ ಕಾಲು ತೊಡರುವ ಕುದುರೆ ಬೀಳುತ್ತದೆ. ಬ್ಯೂಟ್ ಎಂದು ಕರೆಯುವ ನೋವಿನ ಪುಡಿ ಹೊಟ್ಟೆ ಕರುಳಿನಲ್ಲಿ ಹುಣ್ಣು ಮಾಡುವ ಗುಣದ್ದು. ನೀರು ಕಡಿಮೆಯಾದ ಮೈಯಲ್ಲಿ ಮೂತ್ರಪಿಂಡಕ್ಕೂ ಪೆಟ್ಟು. ನಿಮ್ಮ ಕುದುರೆಗೆ ಈಗ ಹೊಟ್ಟೆಯದೇ ಅನುಮಾನವಿರುವಾಗ ಆ ಪುಡಿ ಕೊಟ್ಟರೆ ನೋವು ಒಂದು ದಿನ ಮುಚ್ಚಿ ಹುಣ್ಣು ಒಂದು ತಿಂಗಳು ಬೆಳೆಯುತ್ತದೆ.

ಟ್ರೇಲರ್

ತಲೆಯನ್ನು ಎತ್ತರಕ್ಕೆ ಕಟ್ಟಿ ಸಾಗಿಸುವುದು ಅತ್ಯಂತ ಸಾಮಾನ್ಯ ತಪ್ಪು. ಕುದುರೆ ತಲೆ ತಗ್ಗಿಸಿದಾಗಲೇ ಶ್ವಾಸನಾಳದ ಕಫ ಮತ್ತು ಧೂಳು ಹೊರಬರುವುದು. ಗಂಟೆಗಟ್ಟಲೆ ತಲೆ ಮೇಲಿದ್ದರೆ ಬ್ಯಾಕ್ಟೀರಿಯಾ ಕೆಳಗಿಳಿದು ಪುಪ್ಪುಸ ಸೇರುತ್ತದೆ. ಸಾಗಣೆ ಜ್ವರ ಎನ್ನುವುದು ಇದನ್ನೇ. ಒಂದೇ ಕುದುರೆಯಾದರೆ ಮುಂದಿನ ಹಗ್ಗ ಉದ್ದ ಬಿಡಿ, ಹುಲ್ಲು ತುಂಬಿದ ಬಲೆಯನ್ನು ನೀರಲ್ಲಿ ಅದ್ದಿ ಕೆಳಮಟ್ಟದಲ್ಲಿ ಕಟ್ಟಿ. ಬಲೆ ಕಾಲಿಗೆ ಸಿಕ್ಕದಷ್ಟು ಎತ್ತರ ಮಾತ್ರ ನೋಡಿಕೊಳ್ಳಿ. ದೂರದ ಪ್ರಯಾಣವಾದ ಮೇಲೆ ಮೂರು ದಿನ, ದಿನಕ್ಕೆರಡು ಬಾರಿ ಜ್ವರ ನೋಡಿ. 38.6 ದಾಟಿದರೆ ವೈದ್ಯರಿಗೆ ಫೋನ್. ಕೆಮ್ಮು ಬರುವವರೆಗೆ ಕಾದರೆ ತಡವಾಗುತ್ತದೆ.

ಒಂದೇ ಕುದುರೆಯನ್ನು ಚಾಲಕನ ಬದಿಗೆ ನಿಲ್ಲಿಸಿ. ಅಮೆರಿಕದಲ್ಲಿ ವಾಹನ ರಸ್ತೆಯ ಬಲಕ್ಕೆ ಹೋಗುತ್ತದೆ, ರಸ್ತೆಯ ಇಳಿಜಾರೂ ಬಲಕ್ಕೇ. ತೂಕ ಎಡಕ್ಕಿದ್ದರೆ ಟ್ರೇಲರ್ ಅಂಚಿಗೆ ಜಾರುವುದಿಲ್ಲ. ನಮ್ಮೂರಿನ ರಸ್ತೆಗೆ ಈ ಲೆಕ್ಕ ತಿರುಗುಮುರುಗು. ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರದ್ದು. ಸವೆದಿಲ್ಲದಿದ್ದರೂ ಆರು ವರ್ಷ ದಾಟಿದ್ದನ್ನು ಬದಲಿಸಿ. ಟ್ರೇಲರ್ ಟೈರ್ ಸವೆದು ಸಾಯುವುದಕ್ಕಿಂತ ಬಿಸಿಲಲ್ಲಿ ಒಣಗಿ ಸಿಡಿಯುವುದೇ ಹೆಚ್ಚು. ಗಾಳಿಯನ್ನು ಬೆಳಗಿನ ತಂಪಿನಲ್ಲಿ ಅಳೆಯಿರಿ, ವೇಗ ಗಂಟೆಗೆ 105 ಕಿಮೀ ದಾಟದಿರಲಿ. ಪ್ರತಿ ನಿಲುಗಡೆಯಲ್ಲಿ ನಾಲ್ಕೂ ಚಕ್ರದ ಗುಂಬದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದಿದೆ. ವರ್ಷಕ್ಕೊಮ್ಮೆ ರಬ್ಬರ್ ಚಾಪೆ ಎತ್ತಿ ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೂತ್ರ ಕೊಳೆಸುವುದು ಮೇಲಿಂದ ಕಾಣದು.

ಹೊರಡುವುದು ಬೆಳಗಿನ ಜಾವ ನಾಲ್ಕಕ್ಕೆ. ಬಿಸಿಲು ಒಂದು ಕಾರಣ. ಜುಲೈ ಮಧ್ಯಾಹ್ನ ಬೆಟ್ಟದ ಕಡೆಯಿಂದ ಗುಡುಗು ಆಲಿಕಲ್ಲು ಇಳಿಯುತ್ತವಲ್ಲ, ಅದು ಇನ್ನೊಂದು. ಮೂರು ನಾಲ್ಕು ಗಂಟೆಗೊಮ್ಮೆ ನೆರಳಲ್ಲಿ 20 ನಿಮಿಷ ನಿಲ್ಲಿಸಿ ನೀರು ತೋರಿಸಿ, ಹೆದ್ದಾರಿ ಪಕ್ಕದಲ್ಲಿ ಇಳಿಸಬೇಡಿ. ನಿಂತ ಟ್ರೇಲರ್ ಬಿಸಿಲಲ್ಲಿ ಒಲೆಯಂತೆ ಕಾಯುತ್ತದೆ, ಊಟಕ್ಕೆಂದು ಬಿಟ್ಟುಹೋಗಬೇಡಿ. ಕೋಡಿಗೆ ಸುಮಾರು 700 ಕಿಮೀ, ನಡುವೆ ಕ್ಯಾಸ್ಪರ್ ಸಿಗುತ್ತದೆ. ಕುದುರೆ ಒಯ್ಯಲೇಬೇಕೆಂದರೆ ಅಲ್ಲಿ ರಾತ್ರಿಗೆ ಬಾಡಿಗೆ ಲಾಯ ಹಿಡಿದು ಎರಡು ದಿನದ ಪ್ರಯಾಣ ಮಾಡಿ.

ಕಾಗದಗಳ ಬಗ್ಗೆ ಚುಟುಕಾಗಿ: ರಾಜ್ಯ ದಾಟಲು 30 ದಿನದೊಳಗಿನ ಪಶುವೈದ್ಯರ ಆರೋಗ್ಯ ಪತ್ರ, ಸಾಮಾನ್ಯವಾಗಿ 12 ತಿಂಗಳೊಳಗಿನ ಕಾಗಿನ್ಸ್ ರಕ್ತಪರೀಕ್ಷೆ (ಕುದುರೆಗಳ ಸೋಂಕು ರಕ್ತಹೀನತೆಗೆ ಮಾಡುವುದು). ಕೊಲರಾಡೊದಲ್ಲಿ ರಾಜ್ಯ ಬಿಟ್ಟು ಹೊರಟರೂ, ಒಳಗೇ 75 ಮೈಲಿ ದಾಟಿದರೂ ಬ್ರ್ಯಾಂಡ್ ತಪಾಸಣೆ, ಅಂದರೆ ಮೈಮೇಲಿನ ಗುರುತು ನೋಡಿ ಒಡೆತನ ಖಚಿತಪಡಿಸುವುದು, ಬೇಕು. ಅದಕ್ಕೆ ಶಾಶ್ವತ ಕಾರ್ಡ್ ಮಾಡಿಸಿಬಿಡಿ. ಶೈಯಾನ್ ನಿಮಗೆ ಪಕ್ಕದ ಊರಿನಂತೆ ಕಂಡರೂ ಅದು ವಯೋಮಿಂಗ್. ಬೇಸಿಗೆಯಲ್ಲಿ ಬಾಯಿಯ ಗುಳ್ಳೆ ರೋಗ ಕಾಣಿಸಿಕೊಂಡರೆ ನಿಯಮಗಳು ರಾತ್ರೋರಾತ್ರಿ ಬಿಗಿಯಾಗುತ್ತವೆ. 2014ರಲ್ಲೂ 2019ರಲ್ಲೂ ಕೊಲರಾಡೊದಲ್ಲಿ ಅದು ಜೋರಾಗಿ ಹರಡಿತ್ತು. ಹೊರಡುವ ವಾರ ತಲುಪಬೇಕಾದ ರಾಜ್ಯದ ಪಶುವೈದ್ಯ ಕಚೇರಿಗೆ ಒಂದು ಫೋನ್ ಮಾಡಿ. ಬಕೆಟ್, ಲಗಾಮಿನ ಕಬ್ಬಿಣ ಯಾರೊಂದಿಗೂ ಹಂಚಿಕೊಳ್ಳಬೇಡಿ. 2011ರಲ್ಲಿ ಯೂಟಾದ ಆಗ್ಡೆನ್‌ನ ಒಂದು ಕೂಟದಿಂದ ಕುದುರೆಗಳ ಹರ್ಪಿಸ್ ಸೋಂಕು ಹಬ್ಬಿದಾಗ, ಅದೇ ರಾಜ್ಯದ ಒಂದು ರಾಣಿ ಸ್ಪರ್ಧೆಯ ಹುಡುಗಿಯರು ನಿಜ ಕುದುರೆ ಬಿಟ್ಟು ಆಟಿಕೆಯ ಕೋಲುಕುದುರೆ ಏರಿ ಅಖಾಡ ಸುತ್ತಿದ್ದರು.

ಉಳಿದ 16

ಕಾರ್ಯಕ್ರಮ ಬಿಡಬೇಕಿಲ್ಲ, ಕುದುರೆಯನ್ನು ಮನೆಯಲ್ಲಿ ಬಿಡಬಹುದು. ಪಟ್ಟಿ ತೆಗೆದು ಗುರುತು ಹಾಕಿ. ಸಹಿ ಮೇಜು, ಆಸ್ಪತ್ರೆ, ಶಾಲೆ, ಟಿವಿ ಸಂದರ್ಶನಕ್ಕೆ ಕುದುರೆಯೇ ಬೇಡ. ಕೋಡಿಯಂಥ ದೂರದ ಅಖಾಡಕ್ಕೆ ಅಲ್ಲಿನ ಕುದುರೆ. ಸ್ವಂತ ಕುದುರೆ ನಿಮ್ಮೂರಿನ ರೋಡಿಯೊಗೆ ಮತ್ತು ಸವಾರಿಗೆ ಅಂಕವಿರುವ ಕಡೆಗೆ ಮಾತ್ರ, ಅದೂ ಎರಡರ ನಡುವೆ ಕನಿಷ್ಠ ಐದು ದಿನ ಬಿಟ್ಟು. ನನ್ನ ಅಂದಾಜಿನಲ್ಲಿ 16ರಲ್ಲಿ ಆರಕ್ಕಿಂತ ಹೆಚ್ಚಿಗೆ ಅದು ಹೋಗಬೇಕಾಗಿಲ್ಲ.

ಎರವಲು ಕುದುರೆಯೆಂದರೆ ಅವಮಾನವೆಂದು ನಿಮ್ಮ ಮಗಳು ಅಂದುಕೊಂಡಿರಬಹುದು. ರಾಜ್ಯಮಟ್ಟದ ರಾಣಿಯರು ರೋಡಿಯೊಗೆ ಜಾನುವಾರು ಒದಗಿಸುವವರ ಕುದುರೆಗಳನ್ನು ಏರುವುದು ನಿತ್ಯದ ಮಾತು. ಅಪಾಯ ಇಲ್ಲದಿಲ್ಲ, ಹಾಗಾಗಿ ಮೊದಲೇ ಕೇಳಿ: ಧ್ವಜ ಹೊತ್ತು ಓಡಿದೆಯೇ? ಒಬ್ಬಂಟಿಯಾಗಿ ಅಖಾಡಕ್ಕೆ ಹೋಗುತ್ತದೆಯೇ? ಒಂದೇ ಕೈಯ ಲಗಾಮಿಗೆ ನಿಲ್ಲುತ್ತದೆಯೇ? ಯಾವ ಬಗೆಯ ಲಗಾಮಿನ ಕಬ್ಬಿಣದ ರೂಢಿ? ಬೇರೆ ಕುದುರೆ ಹತ್ತಿರ ಬಂದರೆ ಒದೆಯುತ್ತದೆಯೇ? ಉತ್ತರ ಚೆನ್ನಾಗಿದ್ದರೂ 20 ನಿಮಿಷ ಹೊರಗೆ ಓಡಿಸಿ ನೋಡಲು ಬಿಡದವರ ಕುದುರೆ ಏರಬಾರದು. ಮೊದಲು ಧ್ವಜವಿಲ್ಲದೆ, ಆಮೇಲೆ ಸುತ್ತಿದ ಧ್ವಜ, ಆಮೇಲೆ ಬಿಚ್ಚಿದ್ದು. ನಮ್ಮ ಮೈಸೂರು ದಸರಾಕ್ಕೆ ಮುಂಚೆ ಆನೆ ಕುದುರೆಗಳಿಗೆ ಸಿಡಿಮದ್ದಿನ ತಾಲೀಮು ಕೊಡುವುದಿಲ್ಲವೇ, ಹಾಗೆ. ಸಿಡಿದ ಸದ್ದಿಗೆ ಮೊದಲ ಬಾರಿ ಬೆಚ್ಚುವುದು ಜನರ ನಡುವೆ ಆಗಬಾರದು. ಧ್ವಜದ ಕೋಲಿನ ಬುಡ ರಿಕಾಬಿಗೆ (ಸವಾರರು ಕಾಲಿಡುವ ಬಳೆಗೆ) ಜೋಡಿಸಿದ ಬಟ್ಟಲಿನಲ್ಲಿ ಕೂರಬೇಕು, ತೋಳಿನ ಬಲದಲ್ಲಿ ಹಿಡಿದರೆ ಎರಡನೇ ತಿರುವಿಗೇ ವಾಲುತ್ತದೆ. ಗುಡುಗು ಕೇಳಿದರೆ ಲೋಹದ ಕೋಲು ಹಿಡಿದು ಅಖಾಡಕ್ಕೆ ಹೋಗುವುದು ಯಾರು ಹೇಳಿದರೂ ಬೇಡ. ಕೊನೆಯ ಗುಡುಗಿನಿಂದ 30 ನಿಮಿಷ ಕಾಯಬೇಕು. ಡಾಂಬರು ಬೀದಿಯ ಪೆರೇಡಿನಲ್ಲಿ ಸಾದಾ ಉಕ್ಕಿನ ಲಾಳ ಜಾರುತ್ತದೆ, ಬಣ್ಣದ ಗೆರೆ ಮತ್ತು ಕಬ್ಬಿಣದ ಮುಚ್ಚಳದ ಮೇಲೆ ಇನ್ನೂ ಹೆಚ್ಚು. ಲಾಳ ಹಾಕುವವರಿಗೆ ಹೇಳಿ ಹಿಡಿತದ ತುದಿ ಕೂರಿಸಿ, ಇಲ್ಲವೇ ರಬ್ಬರ್ ಬೂಟು ತೊಡಿಸಿ.

ಮಗಳು

ಅವಳಿಗೆ ದೊಡ್ಡ ಅಪಾಯ ಇರುವುದು ರಾತ್ರಿಯ ರಸ್ತೆಯಲ್ಲಿ. ರೋಡಿಯೊ ಮುಗಿಯುವುದು ಹತ್ತಕ್ಕೆ, ಮೇಕಪ್ ತೆಗೆದು ಕುದುರೆ ಹತ್ತಿಸುವಾಗ ಹನ್ನೆರಡು. ಆ ಹೊತ್ತಿಗೆ ಒಬ್ಬಳೇ ಟ್ರೇಲರ್ ಎಳೆದು ಹೊರಡುವುದನ್ನು ಬಿಡಿಸಿ. ಇಬ್ಬರು ಚಾಲಕರಿರಲಿ, ಇಲ್ಲವೇ ಅಲ್ಲೇ ಮಲಗಿ ಬೆಳಿಗ್ಗೆ ಹೊರಡಲಿ. ಒಂದು ಕೋಣೆಯ ಬಾಡಿಗೆ ಈ ಬೇಸಿಗೆಯ ಅತ್ಯಂತ ಸೋವಿಯ ಖರ್ಚು.

ಕಿರೀಟದ ಹ್ಯಾಟು ತಲೆಗೆ ರಕ್ಷಣೆಯಲ್ಲ. ಹೆಲ್ಮೆಟ್ಟಿಗೆ ಅವಕಾಶ ಇದೆಯೇ ಎಂದು ಅವಳ ಸಂಘವನ್ನು ಕೇಳಿ, ಅಪರಿಚಿತ ಕುದುರೆಯ ಮೇಲೆ ತಾಲೀಮಿಗಾದರೂ ತೊಡಲಿ. ಹಾರದಿರಲೆಂದು ಹ್ಯಾಟನ್ನು ಪಿನ್ನು ಟೇಪುಗಳಿಂದ ಬಿಗಿದು ಹತ್ತು ಗಂಟೆ ತೊಟ್ಟರೆ ಬರುವ ತಲೆನೋವು ಒಂದು, ಬಿಸಿಲ ಬಳಲಿಕೆಯ ತಲೆನೋವು ಇನ್ನೊಂದು. ಹ್ಯಾಟು ತೆಗೆದು ನೆರಳಲ್ಲಿ ಕೂತ ಹತ್ತು ನಿಮಿಷಕ್ಕೆ ಕಡಿಮೆಯಾದರೆ ಅದು ಹ್ಯಾಟಿನದು. ವಾಕರಿಕೆ, ತಲೆಸುತ್ತು ಸೇರಿದರೆ ಆ ದಿನದ ಸವಾರಿ ಮುಗಿಯಿತು. ಮಾತು ತೊದಲಿದರೆ ತುರ್ತು ವಾಹನ ಕರೆಯಿರಿ. ಚರ್ಮದ ಉಡುಪು ತೊಟ್ಟರೆ ಶೌಚಾಲಯಕ್ಕೆ ಹೋಗುವುದು ಕಷ್ಟವೆಂದು ಅನೇಕ ಹುಡುಗಿಯರು ನೀರನ್ನೇ ಕುಡಿಯುವುದಿಲ್ಲ. ಇದನ್ನು ಅವಳೇ ಹೇಳುವುದಿಲ್ಲ, ನೀವೇ ಕೇಳಿ. ಬಿಸಿಲಲ್ಲಿ 15ರಿಂದ 20 ನಿಮಿಷಕ್ಕೆ ಒಂದು ಲೋಟ, ಗಂಟೆಗೆ ಒಂದೂವರೆ ಲೀಟರ್ ಒಳಗೆ. ಅದರಲ್ಲಿ ಎರಡು ಲೋಟ ಉಪ್ಪು ಹಾಕಿದ ನೀರುಮಜ್ಜಿಗೆಯಾದರೆ ಬಾಟಲಿಯ ಬಣ್ಣದ ನೀರು ಬೇಕಿಲ್ಲ.

ಊಟಕ್ಕೆ ಜಾತ್ರೆಯ ಅಂಗಡಿ ನಂಬಿದರೆ ಸಸ್ಯಾಹಾರಿಗೆ ಸಿಗುವುದು ಕರಿದ ಆಲೂಗಡ್ಡೆ, ಸಕ್ಕರೆ ಹಿಟ್ಟು. ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ ಹಚ್ಚಿದ ಚಪಾತಿ, ಹುರಿಗಡಲೆ, ಬಾಳೆಹಣ್ಣು ಕಾರಿನಲ್ಲಿ ಬಾಳುತ್ತವೆ. ಮೊಸರನ್ನ ಕೊಟ್ಟು ಕಳುಹಿಸುವುದಾದರೆ ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿಯಲ್ಲಿರಬೇಕು. ಹೊರಗೆ 32 ಡಿಗ್ರಿ ದಾಟಿದ ದಿನ, ಪೆಟ್ಟಿಗೆಯಿಂದ ತೆಗೆದ ಒಂದು ಗಂಟೆಯೊಳಗೆ ತಿಂದಿರಬೇಕು, ಉಳಿದದ್ದನ್ನು ಸಂಜೆಗೆಂದು ಎತ್ತಿಡಬಾರದು.